ನೀಲಿ ಹಗ್ಗ

ಯಾವ ಊರಿನ ಹೆಣ್ಣುಮಗಳ ಕೂದಲೋ, ಸೀಗೆಕಾಯಿಯ ವಾಸನೆ ಇನ್ನೂ ಹೋಗಿಲ್ಲ, ಮಡಿಲಲ್ಲಿಟ್ಟ ಉಂಡೆಯೊಳಗೆ ದಬ್ಬಣ ಹಾಕಿ ಒಂದು ಎಳೆ ಎಳೆದರೆ ಹಿಂದೆಯೇ ಇನ್ನೊಂದು ಸಿಕ್ಕು, ಭಾಗ್ಯನಗರದ ಈ ಓಣಿಯಲ್ಲಿ ಎಲ್ಲರ ಮಡಿಲಲ್ಲೂ ಇದೇ, ಬಿಡಿಸಿ ಕೊಟ್ಟರೆ ಉದ್ದ ನೋಡಿ ಕಟ್ಟು ಕಟ್ಟಿ ಪರದೇಶದ ವಿಗ್ಗಿಗೆಂದು ಹಡಗಿಗೆ ಹಾಕುತ್ತಾರೆ — ಹಡಗು, ಬೇಡ, ಹಡಗು ಎಂದರೆ ಸಿದ್ದೇಶ, ನನ್ನ ಮಗ, ಅಂಥದೇ ಹಡಗಿನಲ್ಲಿ ಅಡಿಗೆಯವ, ನಮ್ಮ ಸಮುದ್ರಕ್ಕೆ ನುಗ್ಗಿದಿರಿ ಎಂದು ಯಾವುದೋ ದೇಶದವರು ಹಡಗು ಹಿಡಿದು ಬಂದರಿನಲ್ಲಿ ಕೂಡಿಹಾಕಿ ವರ್ಷ ದಾಟಿತು, ಇವತ್ತು ರವಿವಾರ, ಫೋನು ಬರುತ್ತದೆ, ನಾನು ಒಂದು ಮಾತು ಹೇಳಬೇಕು, ಹೌದು ಇಲ್ಲವೆ ಬೇಡ. ದೇಶದೇಶಗಳ ಜಗಳ ಬಿಡಿಸುವ ದೊಡ್ಡ ಕೋರ್ಟು ತೀರ್ಪು ಕೊಟ್ಟಿತಲ್ಲ, ಇವರದು ತಪ್ಪಿಲ್ಲ, ಬಿಡಿ ಎಂದು, ಮಗಳು ಭವಾನಿ ಕಾಲೇಜಿನಿಂದ ಓಡಿ ಬಂದಳಲ್ಲ, ಯವ್ವಾ ಗೆದ್ದೀವಿ, ಆವತ್ತೇ ಮಾದಲಿ ಮಾಡಿ ಓಣಿಗೆಲ್ಲ ಹಂಚಿದೆ, ನನಗೇನು ಗೊತ್ತು, ನನ್ನ ತಮ್ಮ ಕಲ್ಲೇಶನನ್ನು ಕೊಪ್ಪಳದ ಕೋರ್ಟು ಬಿಡ್ರಿ ಎಂದ ದಿನ ಸಂಜೆಗೆ ಅವನು ಇದೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ, ಕೋರ್ಟು ಎಂದರೆ ಅದು, ಸಿದ್ದೇಶನಿಗೂ ಒಂದು ಪಾಲು ಎತ್ತಿಟ್ಟೆ, ಸಮುದ್ರದಾಚೆಯಿಂದ ಊಟದ ಹೊತ್ತಿಗೆ ಬರುವವನ ಹಾಗೆ, ಅದು ಹಳಸಿತು. ಆ ಕೋರ್ಟಿಗೆ ಪೊಲೀಸರ ಇಲ್ಲ ಯವ್ವಾ ಅಂದಳು ಭವಾನಿ, ಪಕ್ಕದಲ್ಲಿ ಕೂತ ಹಸನಬೀ ದಬ್ಬಣ ಕಚ್ಚಿಕೊಂಡೇ ನಕ್ಕಳು, ಪೊಲೀಸರಿಲ್ಲದ ಕೋರ್ಟಾ, ಹಲ್ಲಿಲ್ಲದ ಅತ್ತಿ ಒದರಿದಂಗ ಬಿಡವಾ. ಹಾಗೂ ಅನ್ನಲಾರೆ, ತೀರ್ಪಿನ ಮೊದಲು ಅವನ ದನಿಯೇ ಇರಲಿಲ್ಲ, ಬದುಕಿದ್ದಾನೋ ಇಲ್ಲವೋ, ನಾಲ್ಕು ದೇಶದವರು ನಾಚಿಸಿದ ಮೇಲೆ ಈ ರವಿವಾರದ ಫೋನು, ಅಷ್ಟು ಬಂತು, ಅಷ್ಟೇ ಬಂತು, ಮಗ ಬರಲಿಲ್ಲ. ಈಗ ಹಡಗು ಹಿಡಿದವರೇ ಹೇಳುತ್ತಿದ್ದಾರಂತೆ, ತಪ್ಪು ನಮ್ಮದೇ ಎಂದು ಸಹಿ ಹಾಕಿದವರನ್ನು ಬಿಡುತ್ತೇವೆ. ಏನ್ ಮಾಡ್ಲಿ ಯವ್ವಾ, ನೀನ ಹೇಳು, ಹೋದ ವಾರ ಕೇಳಿದ, ಫೋನಿನಲ್ಲಿ ಕಂಡೆ, ಕೂದಲು ಭುಜಕ್ಕಿಳಿದಿತ್ತು, ಹಡಗಿನ ನೀಲಿ ಹಗ್ಗದ ತುಂಡಿನಿಂದ ಕಟ್ಟಿದ್ದ, ತೀರ್ಪಿನಂಗ ಇವರು ನಡಕೊಳ್ಳೂ ಮಟ ತಲಿಗಿ ಕತ್ತರಿ ಹಚ್ಚಂಗಿಲ್ಲಂತ ಹುಲಿಗೆಮ್ಮಗ ಬೇಡ್ಕೊಂಡೀನಿ ಅಂದ, ಎಣ್ಣೆ ಕಾಣದ ಕೂದಲು, ಬರೀ ಸಿಕ್ಕು, ಫೋನಿನೊಳಗೆ ಕೈ ಹಾಕಿ ಬಿಡಿಸಲೇ ಅನ್ನಿಸಿತು. ಸಹಿ ಹಾಕಿದ್ರ ಕೋರ್ಟು ಸುಳ್ಳಾಕ್ಕೈತಿ, ನಾಳೆ ಮತ್ತೊಂದು ಹಡಗ ಹಿಡೀತಾರ, ಇದು ಭವಾನಿ, ಕೋರ್ಟು ಸುಳ್ಳಾದ್ರ ಆಗ್ಲೇಳು, ಮಗ ಖರೇ ಅದಾನಲ್ಲ, ಕರಸ್ಕೋ ವಿರೂಪಾಕ್ಷವ್ವ, ಇದು ಹಸನಬೀ, ಇಬ್ಬರದೂ ನಿಜ, ಎರಡು ನಿಜದ ನಡುವೆ ನನಗೆ ನಿದ್ದೆಯಿಲ್ಲ. ಈ ಕೆಲಸದಲ್ಲಿ ಕತ್ತರಿ ಮುಟ್ಟುವುದಿಲ್ಲ, ಸಿಕ್ಕಿಗೆ ಕತ್ತರಿ ಹಾಕಿದರೆ ಉದ್ದ ಹೋಯಿತು, ಕೂದಲು ಕೂದಲಲ್ಲ, ತಾಳು ಎನ್ನಲೇ ಅವನಿಗೂ, ಕಟ್ಟೆಯ ನೆರಳಲ್ಲಿ ಕೂತವಳು ಅಲ್ಲಿರುವವನಿಗೆ ತಾಳು ಎನ್ನಲೇ, ಬಾ ಎನ್ನಲೇ, ಬಾ, ಇಲ್ಲ, ಬಾ —

ಫೋನು, ಭವಾನಿ ಹಿಡಿದಿದ್ದಾಳೆ, ಹಣೆ ಕಾಣಿಸಿತು, ಹಣೆಯ ಮೇಲೆ ಏನೂ ಇಲ್ಲ, ತಲೆ ಬೋಳು ಬೋಳು, ಕಿವಿ ಎರಡೂ ಸಣ್ಣವನಿದ್ದಾಗ ಸಾಲಿಗೆ ಹೋಗುವಾಗಿನಂತೆ ಎದ್ದು ನಿಂತಿವೆ, ಬರಾಕತ್ತೀನಿ ಯವ್ವಾ, ಬಿಡುಗಡಿ ಕಾಗದದ ಫೋಟೋಕ್ಕ ಕಿವಿ ಕಾಣಬೇಕಂದ್ರು. ಸಹಿ ಹಾಕಿಬಿಟ್ಟಿದ್ದಾನೆ, ನನ್ನ ಮಾತಿಗೂ ಕಾಯಲಿಲ್ಲ, ಭವಾನಿ ಮುಖ ಆಚೆ ತಿರುಗಿಸಿದಳು, ಹಸನಬೀ ಯಾ ಅಲ್ಲಾ ಎಂದು ಎದ್ದೇ ನಿಂತಳು, ಮಾದಲಿ ಇಡವಾ ಒಲಿ ಮ್ಯಾಲೆ ಅಂದಳು, ಛಲೋ ಮಾಡ್ದೆಪಾ ಅಂತೀನಿ ನಾನು, ಅನ್ನುತ್ತಲೇ ಇದ್ದೇನೆ, ಅವನು ನಗುವುದಿಲ್ಲ, ಕೈ ಮಾತ್ರ ಮೆಲ್ಲಗೆ ಕತ್ತಿನ ಹಿಂದೆ ಹೋಗುತ್ತದೆ, ಹಗ್ಗ ಹುಡುಕುತ್ತದೆ, ಏನೂ ಸಿಗದೆ ಇಳಿಯುತ್ತದೆ, ಮತ್ತೆ ಹೋಗುತ್ತದೆ, ಅಷ್ಟು ಕೂದಲು ಯಾರು ಗುಡಿಸಿದರು, ಬಿಚ್ಚಿ ಕತ್ತರಿಸಿದರೋ ಕಟ್ಟಿದ್ದಂತೆಯೇ ಕತ್ತರಿಸಿದರೋ, ಯಾವ ನೆಲದ ಮೇಲೆ ಬಿದ್ದಿದೆಯೋ, ಕೂದಲು, ಕೂದಲಿಗೆ ಇನ್ನೂ ಬಿಗಿದೇ ಇರುವ ಆ ನೀಲಿ ಹಗ್ಗ