ಅತ್ತೆಯ ಬಾಯಿ

ಒದ್ದೆ ಬಟ್ಟೆಯನ್ನು ಹಿಂಡಿ, ಸತ್ತ ತಾಯಿಯ ಹಣೆ, ಕೆನ್ನೆ, ಕತ್ತು ಎಲ್ಲವನ್ನೂ ಒರೆಸುತ್ತ ಬಂದ ಮಗಳ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿತು. ತುಟಿಗಳ ಸಂದಿಯಿಂದ ಕಂದು ನೊರೆ ಇಳಿದು ಗದ್ದಕ್ಕೆ ಅಂಟಿತ್ತು. ಹುಳಿತ ವಾಸನೆ ಬೇರೆ.

"ನನ್ ಕೈಲಾಗಲ್ಲಪ್ಪ, ಹೊಟ್ಟೆ ತೊಳಸುತ್ತೆ," ಎಂದು ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದಳು.

ಪಕ್ಕದ ಮನೆಯ ದರ್ಜಿ ಹೆಂಗಸು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು, ತಾನು ಕಾಲು ತೊಳೆದಾಯಿತು, ಬಾಯಿ ತೊಳೆಯುವುದು ಹೊಟ್ಟೆಯಲ್ಲಿ ಹುಟ್ಟಿದವರ ಪಾಲು ಎಂದಳು. ಹೊಟ್ಟೆಯಲ್ಲಿ ಹುಟ್ಟಿದ ಇನ್ನೊಬ್ಬ, ಮಗ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಹಾಗಾದರೆ ಮುಖ ಮುಚ್ಚಿಯೇ ಕಳಿಸಿಬಿಡೋಣ, ಯಾರು ತೆಗೆದು ನೋಡುತ್ತಾರೆ ಎಂದು ಮಗಳು ಹೊದಿಕೆ ಹುಡುಕತೊಡಗಿದಳು.

ಬಾಗಿಲ ಬಳಿಯ ಕುರ್ಚಿಯಲ್ಲಿ, ತುಂಬು ಬಸಿರಿನ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದ ಸೊಸೆ ಎಲ್ಲವನ್ನೂ ಕೇಳಿದಳು. ಹೊರಗೆ ಅತ್ತೆ ಕೆಲಸಕ್ಕಿದ್ದ ಕ್ಯಾಂಟೀನಿನವರು ಕಡೆಯ ಸಲ ಮುಖ ನೋಡಲೆಂದು ಕಾದಿದ್ದರು. ಊರ ಬಾಯಿ ಮುಟ್ಟಿದ ಲೋಟಗಳನ್ನು ಜನ್ಮವಿಡೀ ತೊಳೆದವಳು ತೊಳೆಯದ ಬಾಯಿ ಹೊತ್ತು ಹೋಗಬೇಕೆ? ಏಳಬೇಕು ಎಂದುಕೊಂಡಳು. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಆ ಬಾಯಿಯ ಮೇಲೆ ಅವಳಿಗೆ ಹೇಸಿಗೆ ಹುಟ್ಟಿದ್ದು ಇವತ್ತಲ್ಲ.

* * *

ಕ್ಯಾಂಟೀನಿನಲ್ಲಿ ಅತ್ತೆಗೆ ಫಳಫಳಮ್ಮ ಎಂದೇ ಹೆಸರು. ತೊಳೆದ ಲೋಟವನ್ನು ಬೆಳಕಿಗೆ ಹಿಡಿಯುವಳು. ಅಂಚಿನಲ್ಲಿ ತುಟಿಬಣ್ಣ ಕಂಡರೆ ಛೀ, ತಳದಲ್ಲಿ ಕಾಫಿ ಗಷ್ಟು ಕಂಡರೆ ಥೂ. ಜನರ ಬಾಯಿಗಿಂತ ಚರಂಡಿ ವಾಸಿ ಎಂಬುದು ಅವಳ ಮಾತು. ಮನೆಯಲ್ಲೂ ಒಬ್ಬರ ಲೋಟವನ್ನು ಒಬ್ಬರು ಮುಟ್ಟುವಂತಿರಲಿಲ್ಲ.

ಅಂಥವಳು ಕಳೆದ ತಿಂಗಳು ಸೊಸೆಯನ್ನು ಕರೆದುಕೊಂಡು, ಹುಟ್ಟಲಿರುವ ಕೂಸಿಗೆ ಹಾಲಿನ ಬಾಟಲಿ ಆರಿಸಲು ಹೋದಳು. ಹೆರಿಗೆ ರಜೆ ಮುಗಿದರೆ ಸೊಸೆ ಹೊಲಿಗೆ ಕಾರ್ಖಾನೆಗೆ, ಕೂಸು ಅಜ್ಜಿಯ ಮಡಿಲಿಗೆ ಎಂದು ಮಾತಾಗಿತ್ತು. ಅಂಗಡಿಯವನು ಗಾಜಿನದು, ಪ್ಲಾಸ್ಟಿಕ್ಕಿನದು, ಹಿಡಿಯಿದ್ದದ್ದು, ಸೊಂಟ ಬಾಗಿದ್ದು ಎಂದು ಹರವಿದ. ಸೊಂಟ ಬಾಗಿದ್ದನ್ನು ಅತ್ತೆ ಮೊದಲೇ ತಳ್ಳಿದಳು. ಅದರ ಮೂಲೆಗೆ ಬ್ರಷ್ಷು ಹೋಗುವುದಿಲ್ಲ, ಹಾಲು ಕೂತು ಕೊಳೆಯುತ್ತದೆ. ಹಿಡಿಯಿದ್ದದ್ದನ್ನು ನೋಡಿ, "ಕೂಸೇನು ಇದನ್ನ ಹಿಡ್ಕೊಂಡು ಬಸ್ಸಲ್ಲಿ ನಿಲ್ಲುತ್ತಾ?" ಎಂದಳು. ಸೊಸೆ ನಕ್ಕಳು. ಅಗಲ ಬಾಯಿಯ ಗಾಜಿನದು ಇಬ್ಬರಿಗೂ ಒಪ್ಪಿಗೆಯಾಯಿತು.

ಆಮೇಲೆ ನಿಪ್ಪಲ್ಲು. ಅಂಗಡಿಯವನು ಬೆನ್ನು ತಿರುಗಿಸಿದ್ದೇ ತಡ, ಅತ್ತೆ ಒಂದನ್ನು ಬಾಯಿಗಿಟ್ಟು ಚೀಪಿದಳು. ತೆಗೆದು ಇಟ್ಟು ಇನ್ನೊಂದನ್ನು ಚೀಪಿದಳು. ಜೊಲ್ಲು ಎಳೆಯಾಗಿ ಇಳಿದು ಗಾಜಿನ ಮೇಜಿನ ಮೇಲೆ ಬಿತ್ತು. ತಿರುಗಿದ ಅಂಗಡಿಯವನ ಮುಖ ಕಿವುಚಿಹೋಯಿತು.

"ಏನಮ್ಮಾ ಇದು? ನೀವು ಚೀಪಿದ್ದನ್ನ ನಾನು ಯಾರಿಗೆ ಮಾರ್ಲಿ?"

"ತೂತು ನೋಡ್ಬೇಡ್ವಾ? ದೊಡ್ಡದಿದ್ರೆ ಹಾಲು ನೆತ್ತಿಗೆ ಹತ್ತುತ್ತೆ. ಚಿಕ್ಕದಿದ್ರೆ ಎಳ್ದೂ ಎಳ್ದೂ ಸುಸ್ತಾಗಿ, ಮಗು ಹಸ್ಕೊಂಡೇ ಮಲಗುತ್ತೆ."

ದೇವರು ಮನುಷ್ಯನಿಗೆ ಕಣ್ಣು ಕೊಟ್ಟದ್ದು ಎಲ್ಲರ ಬಾಯಿಯೂ ಕಾಣುವ ಹಾಗೆ, ತನ್ನದೊಂದನ್ನು ಬಿಟ್ಟು. ತನ್ನದೂ ಆ ಜನರ ಬಾಯಿಗಳಲ್ಲಿ ಒಂದು ಎಂಬುದು ಅತ್ತೆಗೆ ಹೊಳೆದೇ ಇರಲಿಲ್ಲ.

ಚೀಪಿದ್ದನ್ನೆಲ್ಲ ಕೊಳ್ಳಬೇಕಾಯಿತು. ಮನೆಗೆ ಬಂದವಳೇ ಸೊಸೆ ಆ ನಿಪ್ಪಲ್ಲುಗಳನ್ನು ಕಸದ ಬುಟ್ಟಿಗೆ ಸುರಿದಳು.

"ನಿಮ್ಮ ಎಂಜಲು ನನ್ನ ಮಗುಗೆ ಬೇಡ ಅತ್ತೆ."

"ಕುದಿಸಿ ಕೊಡ್ತಿದ್ದೆ ಕಣೆ," ಎಂದಷ್ಟೇ ಹೇಳಿ ಅತ್ತೆ ಒಳಗೆ ಹೋದಳು.

ಮಾರನೆಯ ಸಂಜೆ ಕೆಲಸ ಮುಗಿಸಿ ಬಂದ ಅತ್ತೆ ಹೊಸ ನಿಪ್ಪಲ್ಲುಗಳ ಡಬ್ಬಿಯೊಂದನ್ನು ಎರಡೇ ಬೆರಳಲ್ಲಿ, ಮೈಯಿಂದ ದೂರ ಹಿಡಿದು ತಂದು ಸೊಸೆಯ ಮುಂದಿಟ್ಟಳು. ಡಬ್ಬಿಯ ಮುಚ್ಚಳ ಬಿಚ್ಚಿರಲಿಲ್ಲ.

"ಬಾಯಿಗಿಟ್ಟಿಲ್ಲ. ಬೇಕಾದ್ರೆ ಅಂಗಡಿಯವನನ್ನೇ ಕೇಳು."

ಸೊಸೆ ಸರಿ ಎಂದಳು. ಆವತ್ತಿನಿಂದ ಅತ್ತೆ ಅವಳೊಡನೆ ಮಾತಾಡುವಾಗೆಲ್ಲ ಬಾಯಿಗೆ ಅಂಗೈ ಅಡ್ಡ ಹಿಡಿಯತೊಡಗಿದಳು. ಬೇಡ ಅತ್ತೆ, ಕೈ ತೆಗೀರಿ ಅನ್ನಬೇಕೆಂದು ಸೊಸೆ ಎಷ್ಟೋ ಸಲ ಅಂದುಕೊಂಡಳು. ನಿನ್ನೆ ಲೋಟ ತೊಳೆಯುವ ತೊಟ್ಟಿಯ ಮುಂದೆ ಅತ್ತೆ ಕುಸಿದುಬಿದ್ದಳು. ಆಸ್ಪತ್ರೆಯ ತನಕ ಉಸಿರು ಉಳಿಯಲಿಲ್ಲ.

* * *

ಕ್ಯಾಂಟೀನಿನ ಅಡುಗೆಯವನು ಬಾಗಿಲಿಗೆ ಬಂದು, ಚಪ್ಪಲಿ ಕಳಚಿ, ತಗ್ಗಿದ ದನಿಯಲ್ಲಿ ಕೇಳಿದ.

"ಅಮ್ಮನ ಮುಖ ನೋಡ್ಬಹುದಾ?"

ಮಗಳು ಆಗಲೇ ಹೊದಿಕೆಯನ್ನು ತಾಯಿಯ ಗದ್ದದ ತನಕ ಎಳೆದಿದ್ದಳು. ಇನ್ನೊಂದು ಗೇಣು ಎಳೆದಿದ್ದರೆ ಮುಗಿಯುತ್ತಿತ್ತು. ಸೊಸೆ ಕುರ್ಚಿಯ ತೋಳು ಹಿಡಿದು ಎದ್ದಳು. ಸ್ವಲ್ಪ ತಡೀರಣ್ಣ ಎಂದು ಅಡುಗೆಯವನಿಗೆ ಹೇಳಿ ಬಾಗಿಲು ಮುಂದೆ ಮಾಡಿದಳು.

"ನೀನೆಲ್ಲಿಗೆ? ವಾಂತಿ ಮಾಡ್ಕೋತೀಯ, ಸುಮ್ನೆ ಕೂತ್ಕೋ," ಎಂದಳು ಮಗಳು.

"ಮಾಡ್ಕೊಂಡ್ರೆ ಅದನ್ನೂ ನಾನೇ ಒರೆಸ್ತೀನಿ ಅತ್ತಿಗೆ. ಜಾಗ ಬಿಡಿ."

ಹೊಟ್ಟೆ ಅಡ್ಡ ಬರುತ್ತಿದ್ದುದರಿಂದ ಮಂಚದ ಮೇಲೆ ಓರೆಯಾಗಿ ಕೂತಳು. ಬಟ್ಟೆ ಹಿಂಡಿದಳು. ನೊರೆ ತಣ್ಣಗೆ, ಗೋಂದಿನಂತೆ ಬೆರಳಿಗೆ ಅಂಟಿತು. ವಾಸನೆ ಮೂಗಿಗೆ ಅಡರಿ ಹೊಟ್ಟೆಯೆಲ್ಲ ಗಂಟಲಿಗೆ ಬಂದಂತಾಯಿತು, ಕಣ್ಣಲ್ಲಿ ನೀರು ತುಂಬಿತು, ನುಂಗಿಕೊಂಡಳು. ಎಡಗೈಯಿಂದ ಗದ್ದವನ್ನು ಆನಿಸಿ ಹಿಡಿದು, ಹಾಲು ಕಕ್ಕಿದ ಕೂಸಿಗೆ ಒರೆಸುವ ಹಾಗೆ ಮೆಲ್ಲಗೆ, ಮೊದಲು ಗದ್ದ, ಆಮೇಲೆ ತುಟಿ, ಆಮೇಲೆ ತುಟಿಯೊಳಗಿನ ಒಸಡು ಒರೆಸಿದಳು. ದರ್ಜಿ ಹೆಂಗಸು ಮುಖ ತಿರುಗಿಸಿದಳು. ಗೋಡೆಯ ಕಡೆ ನಿಂತ ಗಂಡನ ಭುಜ ಅಲುಗುತ್ತಿತ್ತು.

ಬಾಯಿ ಸ್ವಚ್ಛವಾಯಿತು. ಅಷ್ಟರಲ್ಲಿ ಒಳಗಿನಿಂದ ಇನ್ನೊಂದು ಗುಳ್ಳೆ ಎದ್ದು ತುಟಿಯ ಕೊನೆಯಲ್ಲಿ ಒಡೆಯಿತು.

ಸೊಸೆ ಬಟ್ಟೆಯ ಚೊಕ್ಕ ಮಗ್ಗುಲು ಹುಡುಕಿ ಮಡಚಿಕೊಂಡಳು.