ಗಂಗಾಜಲದ ಗಿಂಡಿ

ಬನಶಂಕರಿಯ ನಮ್ಮ ಮನೆ ಗೇಟಿನಲ್ಲಿ ಬೀದಿನಾಯಿ ಕರಿಯ ಊಳಿಡತೊಡಗಿದಾಗ, ಹಾಸಿಗೆ ಹಿಡಿದಿದ್ದ ನಮ್ಮತ್ತೆಯ ಕಾಲ ಮುಗಿಯಿತು ಎಂದುಕೊಂಡೆವು. ನಾಯಿಗೆ ಯಮದೂತರು ಕಾಣುತ್ತಾರಂತೆ. ಕಾಶಿಯಿಂದ ತಂದ, ಬೆಸುಗೆ ಹಾಕಿದ ಗಂಗಾಜಲದ ಗಿಂಡಿಯನ್ನು ಅವರ ದಿಂಬಿನ ಪಕ್ಕ ಇಟ್ಟೆ.

"ನಮ್ಮಮ್ಮ ಇನ್ನೂ ಬದುಕಿದ್ದಾಳೆ, ಹೋಗೋ ಮುಂಡೇದೇ!" ಎಂದು ನನ್ನ ಗಂಡ ಕೋಲೆತ್ತಿದರು. ಕರಿಯ ಕದಲಲಿಲ್ಲ. ಅವರು ಹಾಲಿಗೆ ಹೊರಟರೆ ಬೂತಿನವರೆಗೂ ಅವರ ಹಿಂದೆಯೇ ಹೋಗುತ್ತಿತ್ತು. ಬುದ್ಧಿ ಇದ್ದ ನಮಗೆ ಅಷ್ಟೂ ಹೊಳೆಯಲಿಲ್ಲ.

ಭಾನುವಾರ ಸ್ಕೂಟರ್ ಒರೆಸುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕುಸಿದರು. ಎತ್ತಿ ತಂದು ಅಮ್ಮನ ಪಕ್ಕದಲ್ಲೇ ಮಲಗಿಸಿದೆವು. ಹೊರಗೆ ಕರಿಯ ಸುಮ್ಮನಾಗಿತ್ತು.

ಅತ್ತೆ ಕೈ ಚಾಚಿದರು. "ಆ ಗಿಂಡಿ ಒಡೆದು ಕೊಡೇ," ಎಂದರು. ತಮಗೆಂದು ಇಟ್ಟಿದ್ದ ಗಂಗೆಯನ್ನು ಮಗನ ಬಾಯಿಗೆ ತಾವೇ ಬಿಟ್ಟರು.