ನಮ್ಮ ಶಾಲೆಯ ಅಂಜುಬುರುಕ ಅಧ್ಯಕ್ಷ

ಹಿಡಿ ಜೋಳ ಮುಟ್ಟಿ ಮೂಟೆಯ ಬೆಲೆ ಹೇಳುವುದು ನನ್ನ ಕಸುಬು. ಆ ಕಣ್ಣಿನಿಂದ ನೋಡಿದರೆ ಚಿಕ್ಕಮಾದಪ್ಪ ಅರ್ಧ ಬೆಲೆಗೂ ಕೇಳುವವರಿಲ್ಲದ ಮಾಲು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಖಾಕಿ ಕೋಟು, ನೆಲ ತನ್ನನ್ನು ತಾಳುತ್ತದೋ ಇಲ್ಲವೋ ಎಂದು ಹಿಮ್ಮಡಿಯಿಂದ ಒತ್ತಿ ನೋಡಿ ಇಡುವ ಹೆಜ್ಜೆ, ಮಟಮಟ ಮಧ್ಯಾಹ್ನವೂ ಕೈಯಲ್ಲಿ ಮೂರು ಸೆಲ್ಲಿನ ಟಾರ್ಚು. ರಾಮಾಪುರದಾಚೆಯ ಕಾಡಂಚಿನ ನಮ್ಮೂರಲ್ಲಿ ಆನೆಗೂ, ಕಾಡುಗಳ್ಳರನ್ನು ಹುಡುಕಿ ಬರುವ ಪೊಲೀಸರಿಗೂ ಸಕಲರೂ ಹೆದರುತ್ತಿದ್ದ ಕಾಲವದು. ಮಾದಪ್ಪನಾದರೋ ಮುಚ್ಚಿದ ಬಾವಿಗೂ, ಸುಮ್ಮನೆ ಮಲಗಿದ ನಾಯಿಗೂ ಹೆದರುತ್ತಿದ್ದ. “ಯಾಕೋ ಎದ್ರಿಕೆ ಆಯ್ತದೆ ಕಣ್ರಿ” ಎಂಬುದೇ ಅವನ ಮಾತಿನ ಪೀಠಿಕೆ, ಉಪಸಂಹಾರವೂ ಅದೇ.

ಶಾಲೆಗೆ ಪೋಷಕರದೇ ಸಮಿತಿ ಬಂದ ವರ್ಷ ಅವನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದು ಈ ಗುಣಕ್ಕಾಗಿಯೇ. ಯಾರಿಗೂ ಎದುರಾಡದವನು ಎಲ್ಲರಿಗೂ ಅನುಕೂಲ. ಎಲ್ಲರಿಗಿಂತ ಹೆಚ್ಚು ಅನುಕೂಲವಾದದ್ದು ಸದಸ್ಯ ಪುಟ್ಟಬಸಪ್ಪನಿಗೆ: ಶಾಲೆಯ ಹೊಸ ಕೊಠಡಿಯನ್ನು ಗುತ್ತಿಗೆ ಹಿಡಿದು ಕಟ್ಟಿಸಿದವನೂ ಅವನೇ, ಅದನ್ನು ಒಪ್ಪಿಕೊಳ್ಳಬೇಕಾದ ಸಮಿತಿಯಲ್ಲಿ ಕುಳಿತವನೂ ಅವನೇ. ಅವನ ಮಾತು ಮೀರಿದವನ ಹೊಲಕ್ಕೆ ಟ್ರಾಕ್ಟರು ಬರುತ್ತಿರಲಿಲ್ಲ, ಅಂಗಡಿಗೆ ಗಿರಾಕಿ ಬರುತ್ತಿರಲಿಲ್ಲ. ಸಭೆಗಳು ಬಲು ಬೇಗ ಮುಗಿಯುತ್ತಿದ್ದವು.

ಒಪ್ಪಿಗೆಯ ಸಭೆ ಆ ಕೊಠಡಿಯಲ್ಲೇ ಸೇರಿತು. ಮಾರನೆಯ ದಿನದಿಂದ ಮೂರನೆಯ ತರಗತಿ, ಎಂದರೆ ನನ್ನ ಮಗಳು ಕೋಮಲಳೂ, ಅಲ್ಲಿ ಕೂರಬೇಕು; ಹಾಗಾಗಿ ನಾನೂ ಹೋಗಿದ್ದೆ. ಮಾದಪ್ಪ ಬಾಗಿಲಲ್ಲೇ ನಿಂತು ತೊಲೆಗೆ ಟಾರ್ಚು ಬಿಟ್ಟ. ಬೆಳಕು ಒಂದು ಬಿರುಕಿನ ಮೇಲೆ ನಡುಗಿತು.

“ನಿನ್ ಕಣ್ಗೆ ಹಗಲೂ ಕಾಣಾಕಿಲ್ವೇನ್ಲಾ ಮಾದಪ್ಪ?” ಎಂದ ಪುಟ್ಟಬಸಪ್ಪ. ಎಲ್ಲರೂ ನಕ್ಕರು.

“ಎದ್ರಿಕೆ ಕಣಣ್ಣೋ. ನೀವೊಂದ್ ಗಳಿಗೆ ಆ ತೊಲೆ ಕೆಳ್ಗೆ ಕುಂತ್ಕಳಿ. ನಿಮ್ನ ನೋಡಿ ನಂಗೂ ಧೈರ್ಯ ಬತ್ತದೆ.”

ಕುಹಕ ಅವನಿಗೆ ಗೊತ್ತಿಲ್ಲ, ನಿಜವಾಗಿಯೇ ಬೇಡಿಕೊಂಡಿದ್ದ. ಪುಟ್ಟಬಸಪ್ಪ ಕುರ್ಚಿ ಎಳೆದು ಕುಳಿತ. ಹೆಡ್‌ಮಾಸ್ತರು ಒಪ್ಪಿಗೆ ಪತ್ರ ಓದತೊಡಗಿದರು. ಹೊರಗೆ ಜಲ್ಲಿ ಲಾರಿಯೊಂದು ಹಾದುಹೋಗಿ, ಪುಟ್ಟಬಸಪ್ಪನ ಬಿಳಿ ಅಂಗಿಯ ಮೇಲೆ ಚಿಟಿಕೆ ಗಾರೆ ಉದುರಿತು. ಓದು ಮುಗಿಯುವಷ್ಟರಲ್ಲಿ ಆ ಕುರ್ಚಿ, ಯಾರೂ ಎತ್ತಿಡದೆ, ಅವನ ಸಮೇತ ಬಾಗಿಲ ಬಳಿಗೆ ಬಂದು ಸೇರಿತ್ತು.

ಸಭೆಯಲ್ಲಿ ಎಂದೂ ತುಟಿ ಬಿಚ್ಚದ ಸದಸ್ಯೆ ಪುಟ್ಟಮಾದಮ್ಮ ಎದ್ದಳು. “ನಮ್ಮಕ್ಳು ಇದ್ರೊಳಕ್ಕೆ ಬರಾಕಿಲ್ಲ ಸಾ. ಬರ್ಕಳಿ.”

ಮೂರನೆಯ ತರಗತಿ ಹುಣಸೆಮರದಡಿ ಸೇರಿತು. ಅಲ್ಲಿಂದಾಚೆಗೆ ಪುಟ್ಟಬಸಪ್ಪನ ಟ್ರಾಕ್ಟರಿನ ಸದ್ದು ಕೇಳಿದರೆ ಮಾದಪ್ಪ ಬೇಲಿಯ ಸಂದಿಗೆ ಸರಿದುಬಿಡುತ್ತಿದ್ದ. ಒಪ್ಪಿಗೆಯ ಸಹಿಯನ್ನು ಮಾತ್ರ ಹಾಕಲಿಲ್ಲ. ಕಾರ್ತಿಕದ ಮಳೆ ಬಿಟ್ಟ ಒಂದು ಬೆಳಿಗ್ಗೆ, ಪಾಠದ ಹೊತ್ತಿನಲ್ಲೇ, ತೊಲೆಯೂ ತಾರಸಿಯೂ ಒಟ್ಟಿಗೆ ಕುಸಿದವು. ಧೂಳು ನನ್ನ ಅಂಗಡಿಗೆ ಕಂಡಿತು. ಓಡಿಹೋದಾಗ ಮರದ ಕೆಳಗೆ ಮಕ್ಕಳು ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದರು. ಮಾದಪ್ಪ ಒಂದೊಂದೇ ತಲೆ ಮುಟ್ಟಿ ಎಣಿಸುತ್ತಿದ್ದ. ಎಣಿಸಿ ಮುಗಿಸಿ ಮೇಲೆ ನೋಡಿದ.

“ಈ ಕೊಂಬೆ ಯಾಕೋ ಬಾಗ್ದಂಗದೆ ಸಾವ್ಕಾರ್ರೇ” ಎಂದ.

ಸಮಿತಿಗಳಿಗೆ ಧೈರ್ಯಶಾಲಿಗಳ ಕೊರತೆ ಎಂದೂ ಇಲ್ಲ. ಹಾರ ಹಾಕಿಸಿಕೊಳ್ಳುವುದಕ್ಕೆ ಬೇಕಾದ ಎದೆಗಾರಿಕೆ ಊರೂರಲ್ಲೂ ಹೇರಳವಾಗಿ ಸಿಗುತ್ತದೆ. ಪರರ ಮಕ್ಕಳ ತಲೆಯ ಮೇಲೇನಿದೆ ಎಂದು ಅಂಜುವವರು ವಿರಳ, ಮತ್ತು ಊರು ಅವರನ್ನು ಪುಕ್ಕಲರೆಂದು ಕರೆಯುತ್ತದೆ. ನನ್ನ ಮಗಳು ಬದುಕಿದ್ದಾಳೆ. ಅದಕ್ಕೆ ನಾನು ಚಿಕ್ಕಮಾದಪ್ಪನಿಗೆ ಋಣಿ.